ಹುಳುಮನೆಯಿಂದ ಅಡುಗೆಮನೆಗೆ

ಮಾಗಡಿ, ಸೋಲೂರು, ಕುದೂರು, ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಹುಳು ಮೇಯಿಸುವುದಕ್ಕೂ ರಾಮನಗರ, ಕನಕಪುರದ ಕಡೆ ಮೇಯಿಸುವುದಕ್ಕೂ ಒಂದು ವ್ಯತ್ಯಾಸವಿದೆ. ಇದು ಮೈಸೂರು ತಳಿಯ ಬಿತ್ತನೆ ಪ್ರದೇಶ. ಸೋಲೂರು ಸೀಮೆಯ ಗುಡೇಮಾರನಹಳ್ಳಿಯಂಥ ಊರುಗಳ ಸುತ್ತ ಬೆಳೆಯುವ ಬಿತ್ತನೆ ಗೂಡು ಬಿಸಿನೀರಿಗೆ ಬಿದ್ದು ನೂಲಾಗಲೆಂದು ಬೆಳೆದದ್ದಲ್ಲ. ಅದರಿಂದ ಚಿಟ್ಟೆ ಹೊರಬರಬೇಕು, ಮೊಟ್ಟೆ ಇಡಬೇಕು, ಆ ಮೊಟ್ಟೆಯ ಹುಳು ಬೇರೆ ಊರಿನ ಬೆಳೆಗಾರರ ತಟ್ಟೆ ಸೇರಬೇಕು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಮಿಶ್ರತಳಿಯ ಹಳದಿ ಗೂಡಿಗೆ ತಾಯಿ ಈ ಮೈಸೂರು ತಳಿ, ತಂದೆ ದ್ವಿತಳಿ. ಹುಳುವಿಗೆ ರೋಗ ತಗುಲಿದರೆ ಗೂಡು ಬಿತ್ತನೆಗೆ ಆಗದು. ಹೀಗಾಗಿ ಇಲ್ಲಿ ಹುಳು ಮೇಯಿಸುವುದೆಂದರೆ ಹೊತ್ತುಹೊತ್ತಿಗೆ ಸೊಪ್ಪು ಹಾಕಿ ಎದ್ದುಬರುವ ಕೆಲಸವಲ್ಲ. ನಾಲ್ಕು ವಾರ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಕೆಲಸ.

ಸಂಸಾರದ ದಿನನಿತ್ಯದಲ್ಲಿ ಅರ್ಥ ಎಲ್ಲಿದೆ, ಸೊಗಸು ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಈ ಹುಳುಮನೆಗಿಂತ ಒಳ್ಳೆಯ ಜಾಗ ನನಗೆ ಕಾಣದು. ಮನೆಯ ಚೆಲುವಿನ ಬಗ್ಗೆ ನಾವು ಸಾಮಾನ್ಯವಾಗಿ ಬರೆಯುವುದು ಬೆಳಗಿನ ಕಾಫಿಯ ಘಮ, ಬಾಗಿಲ ಮುಂದಿನ ರಂಗೋಲಿ, ಅಮ್ಮನ ಕೈರುಚಿ. ಅವೆಲ್ಲ ನಿಜವಾದ ಸುಖಗಳೇ. ಆದರೆ ಅವು ಕೂತವನಿಗೆ ಸಿಕ್ಕ ಸುಖಗಳು. ಕಾಫಿ ಸೋಸಿದವಳಿಗೆ, ನಸುಕಿನ ಚಳಿಯಲ್ಲಿ ಅಂಗಳ ಸಾರಿಸಿದವಳಿಗೆ ಅದೇ ಬೆಳಗು ಹೇಗಿತ್ತು ಎಂದು ಆ ಬರಹ ಕೇಳುವುದಿಲ್ಲ. ಮನೆಯ ಸೊಗಸು ನೋಡಿದವರಿಗಿಂತ ಹೆಚ್ಚಾಗಿ ನಿಗಾ ಇಟ್ಟವರ ಪಾಲಿಗೆ ಬರುವಂಥದ್ದು ಎಂಬುದು ನನ್ನ ವಾದ. ಹಾಗಿರುವಾಗ, ನಿಗಾ ಇಡುವ ಸರದಿಯನ್ನೇ ಪಡೆಯದ ಗಂಡಸು ಮನೆಯೊಳಗೇ ಇದ್ದೂ ಅದರ ಅತಿ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತಾನೆ.

ಹುಳುಮನೆಯಲ್ಲಿ ಏನು ನಡೆಯುತ್ತದೆ ನೋಡಿ. ಗೂಡು ಕಟ್ಟುವ ಮೊದಲು ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು ಪೊರೆ ಕಳಚುತ್ತದೆ. ಬೆಳೆಗಾರರ ಬಾಯಲ್ಲಿ ಅದು ಜ್ವರ: ಒಂದನೇ ಜ್ವರ, ಎರಡನೇ ಜ್ವರ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ಒಂದಷ್ಟು ಎದ್ದಿವೆಯೆಂದು ಅವಸರಪಟ್ಟು ಸೊಪ್ಪು ಉದುರಿಸಿದರೆ ಮುಂದೆ ಹುಳು ಒಂದೇ ಸಮ ಬೆಳೆಯುವುದಿಲ್ಲ. ಹಿಂದುಳಿದವು ಏಳುವ ತನಕ ಮುಂದಾದವನ್ನು ಕಾಯಿಸಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಹಸಿವು ಹೇಳತೀರದು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಆ ಕೊನೆಯ ಹಂತವೊಂದಕ್ಕೇ ಹೋಗುತ್ತದೆ. ನಡುರಾತ್ರಿ ತಟ್ಟೆಗಳ ಸಾಲಿನ ಮುಂದೆ ನಿಂತರೆ ಹೆಂಚಿನ ಮೇಲೆ ಜಿನುಗುಮಳೆ ಹಿಡಿದಂಥ ಸದ್ದು. ಹುಳುವಿರುವ ಮನೆಯಲ್ಲಿ ಬೀಡಿ ಸೇದುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಬೇರೆ ಬೆಳೆಗೆ ಔಷಧ ಹೊಡೆದ ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ, ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಹುಳುವಿಗೇ ಬೇರೆ ಮನೆ ಕಟ್ಟುವ ಪದ್ಧತಿ ಬರುವ ಮುಂಚೆ ಒಳಮನೆಯೆಲ್ಲ ತಟ್ಟೆಗಳಿಗಾಗಿ ಮನುಷ್ಯರು ಜಗಲಿಯಲ್ಲಿ ಮಲಗುತ್ತಿದ್ದರು. ‘ಜ್ವರಕ್ಕೆ ಕೂತವೆ, ಗಲಾಟೆ ಮಾಡ್ಬೇಡ್ರೋ’ ಎಂದು ಮಕ್ಕಳನ್ನು ಗದರಿಸುತ್ತಿದ್ದರು.

ಈ ಕೆಲಸದಲ್ಲಿ ಗಂಡಸು ಹಿಂದೆ ಬೀಳುವುದಿಲ್ಲ. ಹುಳುಮನೆಯ ದುಡಿಮೆಯಲ್ಲಿ ದೊಡ್ಡ ಪಾಲು ಹೆಂಗಸರದೇ, ನಿಜ. ಆದರೂ ಕೊನೆಯ ವಾರದಲ್ಲಿ ಅಪರಾತ್ರಿ ಎದ್ದು ಸೊಪ್ಪು ಹಾಕುವ ಗಂಡಸರು ಈ ಸೀಮೆಯಲ್ಲಿ ಮನೆಮನೆಗೂ ಇದ್ದಾರೆ. ತಟ್ಟೆಯ ಅಂಚಿಗೆ ಬಂದು ಅಲೆಯುವ, ಮೈ ಉಬ್ಬಿ ಮಿರುಗುವ ಹುಳು ಕಂಡರೆ ಹಾಲುರೋಗವೆಂದು ಅವರಿಗೆ ಗೊತ್ತು. ಬಾಗಿಲು ತೆಗೆದ ಕೂಡಲೇ ಒಳಗಿನ ಸೆಕೆ ಹೆಚ್ಚಾಗಿದೆಯೋ, ಥಂಡಿ ಏರಿದೆಯೋ ಎಂದು ಮೈಗೆ ತಿಳಿಯುತ್ತದೆ. ಹುಳು ಹಣ್ಣಾಯಿತೆನ್ನುವುದು, ಎಂದರೆ ಮೇವು ಬಿಟ್ಟು ಮೈ ತಿಳಿಯಾಗಿ ಗೂಡಿಗೆ ಜಾಗ ಹುಡುಕಲು ಶುರುಮಾಡಿತೆನ್ನುವುದು, ಅವರಿಗೆ ಒಂದು ನೋಟಕ್ಕೆ ತಿಳಿಯುತ್ತದೆ. ಆಗ ನೆರೆಯವರು ಮುಯ್ಯಾಳಾಗಿ ಬರುತ್ತಾರೆ. ಎಲ್ಲರೂ ಸೇರಿ ಹಣ್ಣಾದ ಹುಳುವನ್ನು ಆಯ್ದು, ಗೂಡು ಕಟ್ಟಲೆಂದು ಚಂದ್ರಂಕಿಗೆ ಬಿಡುತ್ತಾರೆ. ಬೆರಳಿಗೆ ಒತ್ತಡ ಹೆಚ್ಚಾಗದಂತೆ ಹುಳು ಎತ್ತುವ ಆ ಕೈಗಳನ್ನು ನೋಡಿದ ಯಾರೂ, ಗಂಡಸಿಗೆ ಸೂಕ್ಷ್ಮ ಕೆಲಸ ಹಿಡಿಯುವುದಿಲ್ಲ ಎಂದು ಹೇಳಲಾರರು.

ಅದೇ ಕೈ, ಅದೇ ಕಣ್ಣು ಗೋಡೆಯಾಚೆಯ ಅಡುಗೆಮನೆಗೆ ಬಂದೊಡನೆ ಏಕೆ ಸುಮ್ಮನಾಗುತ್ತವೆ? ಹುಳುವಿನ ಹಸಿವಿಗೆ ರಾತ್ರಿ ಏಳುವವನು ಮಗುವಿನ ಅಳುವಿಗೆ ಏಕೆ ಮಗ್ಗುಲು ಬದಲಿಸುತ್ತಾನೆ? ಹುಳುವಿನ ಜ್ವರ ಎಷ್ಟನೆಯದೆಂದು ಬಲ್ಲವನಿಗೆ ಹೆಂಡತಿಯ ಮೈ ಬೆಚ್ಚಗಿರುವುದು ಸಂಜೆಯವರೆಗೂ ಏಕೆ ತಿಳಿಯುವುದಿಲ್ಲ?

ಗಂಡಸಿನ ಹುಟ್ಟುಗುಣವೆಂಬ ಉತ್ತರವನ್ನು ಹುಳುಮನೆಯೇ ಸುಳ್ಳು ಮಾಡಿದೆ. ನನಗೆ ಕಾಣುವ ಉತ್ತರ ಬೇರೆ: ಹುಳುವಿಗೆ ಬೆಲೆಯಿದೆ. ಗೂಡು ಮಾರುಕಟ್ಟೆಗೆ ಹೋಗುತ್ತದೆ, ತೂಕವಾಗುತ್ತದೆ, ಹಣವಾಗಿ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಮಾರುಕಟ್ಟೆಗೆ ಹೋಗುವವನೂ ಹಣ ಎಣಿಸುವವನೂ ಗಂಡಸೇ. ಬೆಲೆಯಿರುವ ಆರೈಕೆ ಕಸುಬು ಅನ್ನಿಸಿಕೊಂಡಿತು, ಅದರಲ್ಲಿ ಗಂಡಸಿಗೆ ಗೌರವವಿತ್ತು. ಬೆಲೆಯಿಲ್ಲದ ಆರೈಕೆ ಹೆಂಗಸಿನ ಸ್ವಭಾವ ಅನ್ನಿಸಿಕೊಂಡಿತು, ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಎರಡೂ ಒಂದೇ ವಿದ್ಯೆ.

ಲೆಕ್ಕ ಈಗ ಸಿಗುತ್ತಿದೆ. ಕೇಂದ್ರದ ಅಂಕಿಅಂಶ ಇಲಾಖೆ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ. ಗಂಡಸರು 88 ನಿಮಿಷ. ಇದು ಮನೆಗೆಲಸ ಮಾಡುತ್ತೇನೆ ಎಂದವರ ಸರಾಸರಿ. ಅದಕ್ಕೆ ಕೈಯನ್ನೇ ಹಾಕದ ಗಂಡಸರು ಈ 88ರಲ್ಲಿ ಸೇರಿಲ್ಲ ಎಂಬುದನ್ನು ಮರೆಯಬಾರದು. ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಶುರುಮಾಡಿದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಹಾಕುತ್ತದೆ. ಅದು ಕೂಲಿಯಲ್ಲ, ಕೂಲಿಯೆಂದು ಯಾರೂ ಹೇಳಿಯೂ ಇಲ್ಲ. ಆದರೂ ತನ್ನ ಹೆಸರಿನಲ್ಲಿ ಬಂದ ಹಣದಿಂದ ಒಬ್ಬಾಕೆ ಮೊಮ್ಮಗಳಿಗೆ ಪುಸ್ತಕವನ್ನೋ ತನಗೆ ಮಾತ್ರೆಯನ್ನೋ ಯಾರನ್ನೂ ಕೇಳದೆ ತರಬಲ್ಲಳು ಎಂಬುದು ಮನೆಯೊಳಗಿನ ಮಾತಿನ ಧಾಟಿಯನ್ನು ಬದಲಿಸುವ ಸಂಗತಿ. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಹಣ ಗೌರವವನ್ನು ಒಂದಿಷ್ಟು ಸರಿಪಡಿಸುತ್ತದೆ. ಆದರೆ ನಡುರಾತ್ರಿ ಮಗುವನ್ನು ಎತ್ತಿಕೊಳ್ಳುವ ಕೈ ಯಾರದೆಂಬುದನ್ನು ಅದು ಬದಲಿಸುವುದಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ಹಗುರಾಗಿ ದಾಟಬಾರದು. ಮನೆಗೆಲಸದಲ್ಲಿ ಸೊಗಸು, ಅರ್ಥ ಎಂದೆಲ್ಲ ಹೊಗಳುವುದು ಹೆಂಗಸರನ್ನು ಅಲ್ಲೇ ಕೂಡಿಹಾಕುವ ಹಳೆಯ ಉಪಾಯವಲ್ಲವೇ? ಹೌದು, ಎಷ್ಟೋ ಸಲ ಹಾಗೆಯೇ ಆಗಿದೆ. ಬೀಸುಕಲ್ಲಿನ ಕತೆಯನ್ನೇ ನೋಡಿ. ನಸುಕಿಗೇ ಎದ್ದು ರಾಗಿ ಬೀಸುತ್ತಿದ್ದ ಹೆಂಗಸರು ಹಾಡಿದ ತ್ರಿಪದಿಗಳು ನಮ್ಮ ಭಾಷೆಯ ಒಡವೆಗಳು. ಹಲಸಂಗಿ ಗೆಳೆಯರು ಉತ್ತರ ಕರ್ನಾಟಕದಲ್ಲಿ ಅಂಥ ಹಾಡುಗಳನ್ನು ಕೂಡಿಹಾಕಿ ‘ಗರತಿಯ ಹಾಡು’ ಎಂದು 1931ರಲ್ಲಿ ಪ್ರಕಟಿಸಿದಾಗ ಕನ್ನಡದ ದೊಡ್ಡ ಕವಿಗಳು ಬೆರಗಾದರು. ಆದರೆ ಊರಿಗೆ ಹಿಟ್ಟಿನ ಗಿರಣಿ ಬಂದಾಗ ಕಲ್ಲು ಬಿಟ್ಟು ಮೊದಲು ಗಿರಣಿಗೆ ಹೊರಟವರೂ ಅದೇ ಹೆಂಗಸರು. ಅವರು ಮಾಡಿದ್ದು ಸರಿ. ರಟ್ಟೆ ನೋಯುವ ಕೆಲಸವನ್ನು ಹಾಡು ಸಹನೀಯ ಮಾಡಿತ್ತು; ಹಾಡಿಗೋಸ್ಕರ ಆ ನೋವು ಉಳಿಯಬೇಕಾಗಿರಲಿಲ್ಲ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಹಳೆಯ ಮನೆಬಳಕೆಯ ಸಾಮಾನುಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಆ ಸಂಗ್ರಹ ನಾಡಿಗೆ ಅವರು ಮಾಡಿದ ದೊಡ್ಡ ಉಪಕಾರ. ಅಲ್ಲಿ ಅಡ್ಡಾಡುವಾಗ ನನಗೆ ಅನ್ನಿಸುವುದು ಇಷ್ಟು: ಆ ವಸ್ತುಗಳ ಚೆಲುವನ್ನು ಊರೆಲ್ಲ ಒಪ್ಪಿಕೊಳ್ಳುವ ಹೊತ್ತಿಗೆ ಅವನ್ನು ಸವೆಸಿದ ಕೈಗಳು ಮಣ್ಣಾಗಿದ್ದವು. ಇರುವಾಗಲೇ ನೋಡುವುದು ನಮಗೆ ಏಕೆ ಇಷ್ಟು ಕಷ್ಟ?

ಆಕ್ಷೇಪಕ್ಕೆ ಉತ್ತರ ಸೊಗಸನ್ನು ಅಲ್ಲಗಳೆಯುವುದರಲ್ಲಿಲ್ಲ, ಅದನ್ನು ಹಂಚಿಕೊಳ್ಳುವುದರಲ್ಲಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಬರೆದಳು. ಗೃಹಿಣಿ ಹೇಗಿರಬೇಕು ಎಂಬ ಉಪದೇಶವೇ ಅದರ ತುಂಬ ಇದೆ. ಅದರಲ್ಲಿ ಬಹುಪಾಲನ್ನು ಇಂದಿನ ಹೆಣ್ಣುಮಕ್ಕಳು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಅದೇ ಕಾವ್ಯದಲ್ಲಿ, ಹೆಣ್ಣು ಹುಟ್ಟಿತೆಂದು ಹೀಗಳೆಯುವವರನ್ನು ಅವಳು ನೇರವಾಗಿ ತರಾಟೆಗೆ ತೆಗೆದುಕೊಂಡಳು. ಉಪದೇಶದ ಚೌಕಟ್ಟಿನೊಳಗೇ ಕೂತು ಅಷ್ಟು ಮಾತು ಆಡಿದ್ದು ಸಣ್ಣದಲ್ಲ. ಅವಳು ಆಡದೆ ಉಳಿದದ್ದು ಗಂಡನ ಪಾಲಿನ ಮನೆಗೆಲಸದ ಮಾತು. ಆ ಬಾಕಿ ನಮ್ಮ ಕಾಲಕ್ಕೆ ಬಂದಿದೆ.

ಅವಳಿಗಿಂತ ಐನೂರು ವರ್ಷ ಹಿಂದಿನ ಇನ್ನೊಂದು ಸಂಸಾರ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯ, ಲಕ್ಕಮ್ಮ ದಂಪತಿಯ ಕತೆ ಕನ್ನಡಿಗರಿಗೆಲ್ಲ ಗೊತ್ತು. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದ; ಇಷ್ಟು ನಮಗೆ ಬೇಕಿಲ್ಲ, ಅಲ್ಲೇ ಸುರಿದು ಬಾ ಎಂದು ಹೆಂಡತಿ ಕಳಿಸಿದಳು. ಇದನ್ನು ಭಕ್ತಿಯ, ನಿರ್ಲೋಭದ ಕತೆಯಾಗಿ ಹೇಳುತ್ತೇವೆ. ನಾನು ಅದರಲ್ಲಿ ಒಲೆಯ ಮುಂದಿನ ತಿಳಿವಳಿಕೆಯನ್ನೂ ಕಾಣುತ್ತೇನೆ. ಎಷ್ಟು ಸಾಕು ಎಂಬ ಅಳತೆ ದಿನಾ ಅಕ್ಕಿ ತೊಳೆದು ಎಸರಿಗೆ ಹಾಕುವ ಕೈಗೆ ಗೊತ್ತಿರುತ್ತದೆ. ತಂದುಹಾಕುವ ಕೈಗೆ ಎಷ್ಟು ತಂದರೂ ಕಡಿಮೆಯೇ. ಲಕ್ಕಮ್ಮ ಗಂಡನಿಗೆ ಕೊಟ್ಟದ್ದು ಆ ಅಳತೆಯನ್ನು. ಅವನು ಕೋಪಿಸಿಕೊಳ್ಳದೆ ತೆಗೆದುಕೊಂಡ. ನಮ್ಮ ಸಾಹಿತ್ಯದಲ್ಲಿ ದಾಂಪತ್ಯದ ಇದಕ್ಕಿಂತ ಸುಂದರ ಗಳಿಗೆ ಕಡಿಮೆ.

ಪ್ರೀತಿಯ ದಾಂಪತ್ಯವೆಂದರೆ ನಮಗೆ ಮೊದಲು ನೆನಪಾಗುವುದು ಕೆ.ಎಸ್. ನರಸಿಂಹಸ್ವಾಮಿಯವರು. 1942ರ ‘ಮೈಸೂರ ಮಲ್ಲಿಗೆ’ ಗಂಡಹೆಂಡಿರ ಸಣ್ಣ ಮಾತು, ಸಣ್ಣ ಮುನಿಸು, ಮಾವನ ಮನೆಯ ಹಾದಿಗಳನ್ನೆಲ್ಲ ಕವಿತೆಗೆ ತಕ್ಕ ವಸ್ತುವಾಗಿಸಿತು. ಮದುವೆಯ ಉಡುಗೊರೆಯಾಗಿ ಆ ಪುಸ್ತಕ ಎಷ್ಟೋ ಮನೆಗಳನ್ನು ಹೊಕ್ಕಿತು. ಆ ಕವಿತೆಗಳಲ್ಲಿ ಹೆಚ್ಚಾಗಿ ಕೇಳುವುದು ಗಂಡನ ದನಿ. ಅದೇ ಮನೆಯ ಒಳಗಿನ ದನಿ ಕೇಳಬೇಕಾದರೆ ವೈದೇಹಿಯವರ ಕತೆಗಳಿಗೆ ಬರಬೇಕು: ಅಡುಗೆಮನೆ, ಬಾಣಂತಿ ಕೋಣೆ, ಹಿತ್ತಲುಗಳಲ್ಲಿ ಹೆಂಗಸರು ತಮ್ಮತಮ್ಮೊಳಗೆ ಆಡುವ ಮಾತಿನಲ್ಲಿ ಎಷ್ಟು ಬುದ್ಧಿ, ಎಷ್ಟು ಸಂಕಟ, ಎಷ್ಟು ನಗು ಇದೆಯೆಂದು ಅವರು ತೋರಿಸಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಗಂಡ ಹೆಂಡತಿಗೆ ಮಾತಾಡಲು ಬೇಕಾದಷ್ಟು ಸಿಗುತ್ತದೆ.

ಸಂಬಂಧಗಳ ವಿಷಯಕ್ಕೆ ಬಂದರೆ, ಇಂಗ್ಲಿಷಿನ ಕಾದಂಬರಿಗಾರ್ತಿ, ತತ್ತ್ವಶಾಸ್ತ್ರಜ್ಞೆ ಐರಿಸ್ ಮರ್ಡಾಕ್ 1970ರ ತಮ್ಮ ‘ದಿ ಸಾವರಿನ್ಟಿ ಆಫ್ ಗುಡ್’ ಪುಸ್ತಕದಲ್ಲಿ ಕೊಡುವ ಉದಾಹರಣೆ ನಮ್ಮ ಯಾವ ಹಳ್ಳಿಯಲ್ಲೂ ನಡೆಯಬಹುದಾದದ್ದು: ಒಬ್ಬ ಅತ್ತೆ, ಒಬ್ಬಳು ಸೊಸೆ. ಸೊಸೆಗೆ ನಾಜೂಕಿಲ್ಲ, ಗದ್ದಲ ಜಾಸ್ತಿ ಎಂದು ಅತ್ತೆಯ ಮನಸ್ಸಿನಲ್ಲಿದೆ. ಹೊರಗೆ ತೋರಿಸಿಕೊಳ್ಳುವುದಿಲ್ಲ, ನಡವಳಿಕೆಯಲ್ಲಿ ಕುಂದಿಲ್ಲ. ಕಾಲ ಕಳೆದಂತೆ ಅವಳು ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಾಳೆ: ನನ್ನದೇ ಹೊಟ್ಟೆಕಿಚ್ಚು, ಹಳೆಯ ಅಭ್ಯಾಸಗಳು ನನ್ನ ಕಣ್ಣಿಗೆ ಅಡ್ಡ ಬಂದಿರಬಹುದೇ? ಮತ್ತೆ ನೋಡುತ್ತಾಳೆ. ಸೊಸೆ ಒರಟಾಗಿ ಕಾಣುವುದು ನಿಂತು, ಸರಳವಾಗಿ, ಲವಲವಿಕೆಯವಳಾಗಿ ಕಾಣತೊಡಗುತ್ತಾಳೆ. ಹೊರಗೆ ಏನೂ ಬದಲಾಗಿಲ್ಲ, ಆದರೂ ಒಂದು ದೊಡ್ಡ ನೈತಿಕ ಕೆಲಸ ನಡೆದಿದೆ ಎನ್ನುತ್ತಾರೆ ಮರ್ಡಾಕ್. ಇನ್ನೊಬ್ಬರನ್ನು ನ್ಯಾಯವಾಗಿ, ಪ್ರೀತಿಯಿಂದ ಗಮನಿಸುವುದೇ ಒಂದು ಕ್ರಿಯೆ ಎಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಂದನ್ನು ಸೇರಿಸುತ್ತೇನೆ: ಆ ಗಮನ ನಮ್ಮ ಮನೆಗಳಲ್ಲಿ ಒಬ್ಬಳೇ ಕೂತು ಯೋಚಿಸುವುದರಿಂದ ಹುಟ್ಟುವುದು ಅಪರೂಪ. ಅದು ಹುಟ್ಟುವುದು ಇಬ್ಬರ ಕೈಯೂ ಒಂದೇ ಕೆಲಸದಲ್ಲಿ ಮುಳುಗಿರುವಾಗ.

ಅವರೆಕಾಯಿ ಕಾಲದಲ್ಲಿ ಮಾಗಡಿ ಸೀಮೆಯ ಯಾವ ಮನೆಗೆ ಹೋದರೂ ಇದನ್ನು ಕಾಣಬಹುದು. ಡಿಸೆಂಬರ್, ಜನವರಿಯ ಇಬ್ಬನಿ ಬಿದ್ದ ಕಾಯಿಗೆ ಸೊಗಡು ಹೆಚ್ಚು. ಬೆಂಗಳೂರಿನ ಪೇಟೆಗಳಲ್ಲಿ ಮಾಗಡಿ ಅವರೆ ಎಂದು ಕೇಳಿ ಕೊಳ್ಳುವವರಿದ್ದಾರೆ. ಕಾಯಿ ಸುಲಿದು, ಕಾಳು ನೆನೆಸಿ, ಮರುದಿನ ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಒಂದು ಮನೆಯ ಸಾರಿಗೆ ಬೇಕಾದಷ್ಟು ಹಿತುಕಲು ಒಬ್ಬರಿಗೆ ಬೇಸರ ಬರುವಷ್ಟು ಹೊತ್ತು ಹಿಡಿಯುತ್ತದೆ. ಆದ್ದರಿಂದಲೇ ನಾಲ್ಕು ಜನ ಸುತ್ತ ಕೂರುತ್ತಾರೆ. ಈ ಕೆಲಸಕ್ಕೆ ಬಲ ಬೇಡ, ವಿದ್ಯೆ ಬೇಡ. ಐದು ವರ್ಷದ ಮಗುವಿಗೂ ಬರುತ್ತದೆ, ಕಣ್ಣು ಮಂಜಾದ ಅಜ್ಜನಿಗೂ ಬರುತ್ತದೆ. ಒಂದು ವಾರದಿಂದ ಮಾತು ಬಿಟ್ಟ ಅತ್ತೆ ಸೊಸೆಯೂ ಅದೇ ಪಾತ್ರೆಯ ಸುತ್ತ ಕೂರಬೇಕು. ಕಣ್ಣು ಕೈಯ ಮೇಲಿರುವುದರಿಂದ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಹಾಗಾಗಿ ಮುಖ ನೋಡಿ ಆಡಲಾಗದ ಮಾತು ಅಲ್ಲಿ ಹೊರಬರುತ್ತದೆ. ತವರಿನ ಸಾಲದ ವಿಷಯ, ಸ್ಕೂಲಿನಲ್ಲಿ ಮಗನಿಗಾದ ಅವಮಾನ, ಅತ್ತೆಯ ಮೊಣಕಾಲಿನ ನೋವು. ಯಾರೂ ಉತ್ತರ ಕೊಡಬೇಕಾಗಿಲ್ಲ. ‘ಹೂಂ’ ಎಂದರೂ ಸಾಕು, ಕೈ ನಡೆಯುತ್ತಿರುತ್ತದೆ. ಎದುರುಬದುರು ಕೂತು ‘ನಾವು ಮಾತಾಡಬೇಕು’ ಎಂದು ಶುರುಮಾಡಿದ ಮಾತುಕತೆಗಳಿಗಿಂತ ಇಂಥ ಮಾತುಗಳಿಂದ ಹೆಚ್ಚು ಮುನಿಸು ಕರಗಿದೆ ಎಂದು ನಾನು ನಂಬುತ್ತೇನೆ.

ಈಗ ಹಿತುಕಿದ ಬೇಳೆ ಪೊಟ್ಟಣದಲ್ಲೇ ಸಿಗುತ್ತದೆ. ಕೆಲಸಕ್ಕೆ ಹೋಗುವ ಹೆಂಗಸಿಗೆ ಅದು ಬಿಡುಗಡೆ. ಕೊಳ್ಳಬಾರದು ಎನ್ನುವ ಅಧಿಕಾರ ಒಂದು ಕಾಳನ್ನೂ ಹಿತುಕದವರಿಗೆ ಇಲ್ಲ. ಪೊಟ್ಟಣ ತಂದ ಮನೆಯಲ್ಲಿ ಕಳೆದುಹೋಗುವುದು ರುಚಿಯಲ್ಲ, ಆ ಕೂಡುವಿಕೆ. ಅದಕ್ಕೆ ಬದಲು ಇನ್ನೊಂದು ಕೂಡುವಿಕೆ ಬೇಕಾಗುತ್ತದೆ. ತರಕಾರಿ ಹೆಚ್ಚುವುದೋ, ಒಣಗಿದ ಬಟ್ಟೆ ಮಡಚುವುದೋ, ಯಾವುದಾದರೂ ಆದೀತು. ಆದರೆ ಅದರಲ್ಲಿ ಮನೆಯ ಗಂಡಸರ ಕೈಯೂ ಇರಬೇಕು. ಟೀವಿಯ ಮುಂದೆ ಒಟ್ಟಿಗೆ ಕೂರುವುದು ಇದಲ್ಲ. ಅಲ್ಲಿ ಕೈಗೆ ಕೆಲಸವಿಲ್ಲ, ಬಾಯಿಗೂ ಇಲ್ಲ.

ಹೀಗೆ ನೋಡಿದರೆ ಮನೆಗೆಲಸದ ಪಾಲು ಬರಿಯ ಹೊರೆಯ ಪಾಲಲ್ಲ. ನ್ಯಾಯಕ್ಕಾಗಿ ಗಂಡಸು ಅದನ್ನು ಹೊರಬೇಕು ಎಂಬುದು ಸರಿ, ಮತ್ತು ಅಷ್ಟೇ ಸಾಕಾದ ಕಾರಣ. ಆದರೆ ತನ್ನ ಸಲುವಾಗಿಯೂ ಹೊರಬೇಕು. ಮಗುವಿಗೆ ದಿನಾ ಅನ್ನ ಕಲಸುವವರಿಗೆ ಮಾತ್ರ ಅದು ಯಾವ ದಿನ ಒಂದು ತುತ್ತು ಕಡಿಮೆ ತಿಂದಿತೆಂದು ಗೊತ್ತಾಗುತ್ತದೆ. ಹಾಸಿಗೆ ಹಿಡಿದ ತಂದೆಯ ಬೆನ್ನು ಒರೆಸುವವರಿಗೆ ಮಾತ್ರ ಅವರು ಎಷ್ಟು ಇಳಿದುಹೋಗಿದ್ದಾರೆಂದು ಕೈಗೆ ತಿಳಿಯುತ್ತದೆ. ಬಾಗಿಲಲ್ಲಿ ನಿಂತು ‘ಹೆಂಗಿದ್ದೀಯಪ್ಪ’ ಎಂದು ಕೇಳುವ ಮಗನಿಗೆ ತಿಳಿಯುವುದಿಲ್ಲ. ಬದುಕು ಮುಗಿಯುವ ಹೊತ್ತಿಗೆ ಒಬ್ಬ ಮನುಷ್ಯ ಇನ್ನೊಬ್ಬರನ್ನು ಬಲ್ಲೆ ಎಂದು ಹೇಳುವಂತಾಗುವುದು ಇಂಥ ತಿಳಿವಳಿಕೆಯಿಂದ.

ಇದನ್ನು ಈ ಸೀಮೆಯ ಬಗ್ಗೆಯೇ ಹೇಳಲು ಇನ್ನೊಂದು ಕಾರಣವಿದೆ. ಬೆಂಗಳೂರು ಹತ್ತಿರ ಹತ್ತಿರ ಬರುತ್ತಿದೆ. 2007ರಲ್ಲಿ ರಾಮನಗರ ಜಿಲ್ಲೆಯಾದದ್ದು 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆಯಿತು. ಮಕ್ಕಳು ನೆಲಮಂಗಲ, ಪೀಣ್ಯದ ಕೆಲಸಗಳಿಗೆ ಹೋಗುತ್ತಾರೆ. ಹಿಪ್ಪುನೇರಳೆ ತೋಟ ಸೈಟಾದ ಕಡೆ ಹುಳುಮನೆ ಗೋದಾಮಾಗುತ್ತದೆ, ಇಲ್ಲವೇ ಬಾಡಿಗೆಗೆ ಹೋಗುತ್ತದೆ. ಜೀವವೊಂದರ ಹಸಿವು, ಸೆಕೆ, ಜ್ವರಗಳನ್ನು ಗಂಡಸು ನಾಚಿಕೆಯಿಲ್ಲದೆ ಕಾಯುತ್ತಿದ್ದ ಜಾಗ ಅದೊಂದೇ ಆಗಿತ್ತು. ಅದು ಮುಚ್ಚಿದ ಮೇಲೆ ಅವನ ಆ ವಿದ್ಯೆ ಎಲ್ಲಿಗೆ ಹೋಗಬೇಕು? ಅಪ್ಪನಿಂದ ಹುಳುವಿನ ಜ್ವರ ಗುರುತಿಸಲು ಕಲಿತವರ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರ ಮಕ್ಕಳು ಅದನ್ನು ಹುಳುಮನೆಯಲ್ಲಿ ಕಲಿ‍ಯಲಾರರು. ಕಲಿಯುವುದಿದ್ದರೆ ಒಲೆಯ ಮುಂದೆ, ತೊಟ್ಟಿಲ ಪಕ್ಕ, ಅಜ್ಜಿಯ ಮಂಚದ ಬಳಿ ಕಲಿಯಬೇಕು. ಕಲಿಸುವ ಅಪ್ಪ ಮೊದಲು ತಾನೇ ಅಲ್ಲಿ ಕೂರಬೇಕು.

ವಯಸ್ಸಾಯಿತು, ಇನ್ನೇನು ಕಲಿಯುವುದು ಎನ್ನುವವರಿಗೆ ಒಂದು ಮಾತು. ಹೆಂಡತಿ ತೀರಿಕೊಂಡ ಮೇಲೆ ಅರವತ್ತರಲ್ಲಿ, ಎಪ್ಪತ್ತರಲ್ಲಿ ಮುದ್ದೆ ತೊಳಸಲು, ಸಾರಿಗೆ ಉಪ್ಪುಖಾರ ಹಾಕಲು ಕಲಿತ ಗಂಡಸರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಚೆನ್ನಾಗಿಯೇ ಕಲಿಯುತ್ತಾರೆ. ಅಷ್ಟು ಹೊತ್ತಿಗೆ ಉಪ್ಪು ಸರಿಯಾಯಿತೇ ಎಂದು ಕೇಳಬೇಕಾದವಳು ಮನೆಯಲ್ಲಿರುವುದಿಲ್ಲ. ಆಕೆ ಇರುವಾಗಲೇ ಕಲಿಯಬಹುದಿತ್ತು. ಈಗಲೂ ಎಷ್ಟೋ ಮನೆಗಳಲ್ಲಿ ಆಕೆ ಇದ್ದಾಳೆ, ಇವತ್ತಿನ ರಾತ್ರಿಯ ಮುದ್ದೆಗೆ ಎಸರಿಡುವುದು ಇನ್ನೂ ಬಾಕಿಯಿದೆ.